ಗ್ರಾಮರ್ ಸ್ಕೂಲಿಗೆ ಮುಂಚೆ ಸ್ಟೇಟ್ ಪ್ರೈಮರಿನಾ, ಪ್ರೆಪ್ ಸ್ಕೂಲಾ?

ಲಂಡನ್ ಹತ್ತಿರದ ನಮ್ಮ ಸ್ಲೌ ಊರಿನಲ್ಲಿ ಯಾರಾದರೂ ಕನ್ನಡದವರ ಮನೆಗೆ ಸತ್ಯನಾರಾಯಣ ಪೂಜೆಗೆ ಹೋಗಿ ನೋಡಿ. ಸಜ್ಜಿಗೆ ಪ್ರಸಾದ ಕೈಗೆ ಬರುವಷ್ಟರಲ್ಲಿ ಮಾತು ಇಲೆವೆನ್ ಪ್ಲಸ್‌ಗೆ, ಅಂದರೆ ಗ್ರಾಮರ್ ಸ್ಕೂಲಿನ ಪ್ರವೇಶ ಪರೀಕ್ಷೆಗೆ, ಬಂದಿರುತ್ತದೆ.

"ನಿಮ್ಮ ಮಗಳು ಯಾವ ಇಯರ್?"

"ಟೂ."

"ಅಯ್ಯೋ, ಇನ್ನೂ ಏನೂ ಶುರು ಮಾಡಿಲ್ವಾ?"

ಆರೇಳು ವರ್ಷದ ಆ ಮಗು ಪಾಪ ಅಲ್ಲೇ ಸೋಫಾ ಕೆಳಗೆ ಬಲೂನು ಹುಡುಕುತ್ತಿರುತ್ತದೆ. ಅವತ್ತು ರಾತ್ರಿ ಮನೆಗೆ ಬಂದ ಅಪ್ಪ ಅಮ್ಮ ಪ್ರೆಪ್ ಸ್ಕೂಲುಗಳ ಫೀಸು ಹುಡುಕುತ್ತಾ ಕೂರುತ್ತಾರೆ. ನಾವೂ ಕೂತಿದ್ದೆವು. ಮಗಳು ಈಗ ಗ್ರಾಮರ್ ಸ್ಕೂಲಿನಲ್ಲಿದ್ದಾಳೆ, ಮಗ ಇಯರ್ 3ರಲ್ಲಿದ್ದಾನೆ. ನಡುವೆ ಒಂದೆರಡು ತಪ್ಪು ಮಾಡಿ ದುಡ್ಡೂ ಕಳೆದುಕೊಂಡೆವು. ಆ ಅನುಭವದ ಮೇಲೆ ಬರೆಯುತ್ತಿದ್ದೇನೆ. ಇದೆಲ್ಲಾ ಇಂಗ್ಲೆಂಡಿನ ಮಾತು. ಸ್ಕಾಟ್‌ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ಗ್ರಾಮರ್ ಸ್ಕೂಲುಗಳೇ ಇಲ್ಲ. ಅಲ್ಲಿರುವವರು ಇಷ್ಟಕ್ಕೇ ನಿಲ್ಲಿಸಿ ಕಾಫಿ ಕುಡಿಯಬಹುದು.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ

ಊರಿಂದ ಹೊಸದಾಗಿ ಬಂದವರು ಇಲ್ಲೇ ಎಡವುತ್ತಾರೆ. ಸ್ಟೇಟ್ ಸ್ಕೂಲ್ ಅಂದರೆ ಸರ್ಕಾರದ ದುಡ್ಡಿನಲ್ಲಿ ನಡೆಯುವ, ಫೀಸಿಲ್ಲದ ಶಾಲೆ. ಪಬ್ಲಿಕ್ ಸ್ಕೂಲ್ ಅಂದರೆ ಇಲ್ಲಿ ಹಳೆಯ, ದುಬಾರಿ ಖಾಸಗಿ ಶಾಲೆ. ಹೆಸರು ನೋಡಿ ಮೋಸ ಹೋಗಬೇಡಿ. ಪ್ರೆಪ್ ಅಂದರೆ ಪ್ರಿಪರೇಟರಿ, ಫೀಸು ಕಟ್ಟುವ ಪ್ರೈಮರಿ ಶಾಲೆ. ಸುಮಾರು 7 ವರ್ಷಕ್ಕೆ ಶುರುವಾಗಿ ಕೆಲವು 11ಕ್ಕೆ, ಕೆಲವು 13ಕ್ಕೆ ಮುಗಿಯುತ್ತವೆ. ಅದಕ್ಕೂ ಮುಂಚಿನದು ಪ್ರಿ-ಪ್ರೆಪ್.

ಗ್ರಾಮರ್ ಸ್ಕೂಲ್ ಅಂದರೆ ಪರೀಕ್ಷೆ ಮಾಡಿ ಮಕ್ಕಳನ್ನು ತೆಗೆದುಕೊಳ್ಳುವ ಸರ್ಕಾರಿ ಹೈಸ್ಕೂಲು. ಫೀಸಿಲ್ಲ. ಇಡೀ ಇಂಗ್ಲೆಂಡಿನಲ್ಲಿ ಇರುವುದು 163. ಕೆಂಟ್, ಬಕಿಂಗ್‌ಹ್ಯಾಮ್‌ಶೈರ್, ಲಿಂಕನ್‌ಶೈರ್ ಕಡೆ ಜಾಸ್ತಿ. ಸ್ಲೌ, ರೆಡಿಂಗ್, ಸಟನ್, ಕಿಂಗ್‌ಸ್ಟನ್, ಬಾರ್ನೆಟ್, ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್ ಪಕ್ಕದ ಟ್ರಾಫರ್ಡ್, ಇಂಥ ಕಡೆ ಕೆಲವು. ಉಳಿದ ಬಹಳ ಊರುಗಳಲ್ಲಿ ಒಂದೂ ಇಲ್ಲ.

ಈ ಗ್ರಾಮರ್ ಪರೀಕ್ಷೆಯನ್ನೇ ಇಲೆವೆನ್ ಪ್ಲಸ್ ಅನ್ನುತ್ತಾರೆ. ಖಾಸಗಿ ಹೈಸ್ಕೂಲುಗಳೂ ತಮ್ಮ ಪ್ರವೇಶ ಪರೀಕ್ಷೆಗೆ ಅದೇ ಹೆಸರು ಇಟ್ಟುಕೊಂಡಿವೆ. ಎರಡೂ ಒಂದೇ ಅಲ್ಲ. ಮುಂದಿನ ತಲೆನೋವಿನಲ್ಲಿ ಅರ್ಧ ಹುಟ್ಟುವುದೇ ಇಲ್ಲಿಂದ.

ಇಯರ್ 7ರಿಂದ ಹಿಂದಕ್ಕೆ ಲೆಕ್ಕ ಹಾಕಿ

ಪ್ರೆಪ್ ಒಳ್ಳೆಯದಾ, ಸ್ಟೇಟ್ ಒಳ್ಳೆಯದಾ ಅಂತ ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಮಗು 11ನೇ ವಯಸ್ಸಿಗೆ, ಅಂದರೆ ಹೈಸ್ಕೂಲು ಶುರುವಾಗುವ ಇಯರ್ 7ಕ್ಕೆ, ಯಾವ ಗೇಟಿನೊಳಗೆ ಹೋಗಬೇಕು ಅಂತ ಮೊದಲು ಕೇಳಿಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದು ಆಮೇಲೆ ತೆಗೆದು ನೋಡಿ. ನಮ್ಮ ಮನೆಯಲ್ಲಿ ನನ್ನ ಚೀಟಿಯಲ್ಲಿ "ಗ್ರಾಮರ್" ಅಂತಿತ್ತು. ಹೆಂಡತಿ ಚೀಟಿಯಲ್ಲಿ "ನಡೆದು ಹೋಗುವಷ್ಟು ಹತ್ತಿರ ಇರುವ ಯಾವುದಾದರೂ" ಅಂತಿತ್ತು. ಅವತ್ತಿನವರೆಗೂ ನಾವಿಬ್ಬರೂ ಒಂದೇ ಯೋಚನೆ ಮಾಡುತ್ತಿದ್ದೇವೆ ಅಂದುಕೊಂಡಿದ್ದೆ.

ನಿಮ್ಮ ಗುರಿ ಸರ್ಕಾರಿ ಗ್ರಾಮರ್ ಮಾತ್ರ, ಅದು ಸಿಗದಿದ್ದರೆ ಮನೆ ಹತ್ತಿರದ ಕಾಂಪ್ರಹೆನ್ಸಿವ್ (ಪ್ರವೇಶ ಪರೀಕ್ಷೆ ಇಲ್ಲದ ಸರ್ಕಾರಿ ಹೈಸ್ಕೂಲು) ಆದರೂ ಸರಿ ಅನ್ನುವುದಾದರೆ, ಪ್ರೆಪ್ ಬೇಕಾಗಿಲ್ಲ. ನನ್ನ ಅಭಿಪ್ರಾಯ ಇಷ್ಟು ಗಟ್ಟಿ. ಆ ಪರೀಕ್ಷೆ ಸ್ಟೇಟ್ ಪ್ರೈಮರಿ ಮಕ್ಕಳಿಗೂ ತೆರೆದಿದೆ, ಬಹುಪಾಲು ಸೀಟು ಅವರಿಗೇ ಹೋಗುತ್ತದೆ. ಆದರೆ ಇನ್ನೊಂದು ಮುಖವನ್ನೂ ಹೇಳಬೇಕು. ಗ್ರಾಮರ್‌ಗೆ ಸೇರುವವರಲ್ಲಿ ಸುಮಾರು ನೂರಕ್ಕೆ 13 ಮಕ್ಕಳು ಸ್ಟೇಟ್ ಶಾಲೆಗಳ ಹೊರಗಿನಿಂದ ಬರುತ್ತಾರೆ ಅಂತ ಸಟನ್ ಟ್ರಸ್ಟ್ ಅನ್ನುವ ಶಿಕ್ಷಣ ಸಂಸ್ಥೆ 2013ರಲ್ಲಿ ಲೆಕ್ಕ ಕೊಟ್ಟಿತ್ತು. ದೇಶದ ಒಟ್ಟು ಮಕ್ಕಳಲ್ಲಿ ಖಾಸಗಿ ಶಾಲೆಯವರು ನೂರಕ್ಕೆ ಆರೇಳು ಅಷ್ಟೆ. ಅಂದರೆ ಪ್ರೆಪ್ ಮಕ್ಕಳಿಗೆ ಅನುಕೂಲ ಇರುವುದು ನಿಜ. ಅದರಲ್ಲಿ ಶಾಲೆಯ ಪಾಲೆಷ್ಟು, ಫೀಸು ಕಟ್ಟುವ ಶಕ್ತಿ ಇರುವ ಮನೆಯ ಪಾಲೆಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ.

ಗುರಿ ಖಾಸಗಿ ಹೈಸ್ಕೂಲಾದರೆ ಮಾತು ಬದಲಾಗುತ್ತದೆ. ಅದರಲ್ಲೂ 13ನೇ ವಯಸ್ಸಿಗೆ ಸೇರಿಸಿಕೊಳ್ಳುವ ಬೋರ್ಡಿಂಗ್ ಶಾಲೆಗಳಿಗೆ ಪ್ರೆಪ್ ರಾಜಮಾರ್ಗ. ಸ್ಟೇಟ್ ಪ್ರೈಮರಿ 11ಕ್ಕೆ ಮುಗಿದುಹೋಗುತ್ತದೆ, ಮಧ್ಯದ ಎರಡು ವರ್ಷ ಎಲ್ಲಿ ಓದಿಸುವುದು? 13ಕ್ಕೆ ಸೇರುವವರಿಗೂ ಬಹಳ ಶಾಲೆಗಳು ಇಯರ್ 6ರಲ್ಲೇ ಕಂಪ್ಯೂಟರಿನಲ್ಲಿ ಐಎಸ್‌ಇಬಿ (ಖಾಸಗಿ ಶಾಲೆಗಳ ಪರೀಕ್ಷಾ ಮಂಡಳಿ) ಪ್ರಿ-ಟೆಸ್ಟ್, ಅಂದರೆ ಮುಂಗಡ ಪರೀಕ್ಷೆ, ತೆಗೆದುಕೊಳ್ಳುತ್ತವೆ. ಪ್ರೆಪ್‌ನವರಿಗೆ ಇದರ ಓನಾಮ ಎಲ್ಲಾ ಗೊತ್ತಿರುತ್ತದೆ. 11ಕ್ಕೇ ಸೇರಿಸಿಕೊಳ್ಳುವ ಖಾಸಗಿ ಡೇ ಸ್ಕೂಲುಗಳು ಮಾತ್ರ ಸ್ಟೇಟ್ ಪ್ರೈಮರಿ ಮಕ್ಕಳನ್ನೂ ಧಾರಾಳವಾಗಿ ತೆಗೆದುಕೊಳ್ಳುತ್ತವೆ. ಹಾಗಾಗಿ ಪ್ರೈಮರಿ ಸ್ಟೇಟ್‌ನಲ್ಲಿ ಮುಗಿಸಿ, ಆ ದುಡ್ಡು ಉಳಿಸಿ, ಹೈಸ್ಕೂಲಿಗೆ ಖಾಸಗಿ ಅನ್ನುವ ದಾರಿಯೂ ಇದೆ. ನಮ್ಮವರಲ್ಲಿ ಡಾಕ್ಟರ್ ದಂಪತಿಗಳು ಬಹಳ ಮಂದಿ ಹೀಗೇ ಮಾಡುವುದನ್ನು ನೋಡಿದ್ದೇನೆ.

ನಿಮ್ಮ ವಿಳಾಸಕ್ಕೆ ಸೀಟು ಇದೆಯಾ ನೋಡಿ

ಇದನ್ನು ಪ್ರೆಪ್ ನೋಡಲು ಹೋಗುವ ಮುಂಚೆಯೇ ಮಾಡಬೇಕು. ಪಾಸಾದರೆ ಸೀಟು ಅಂತ ಅಲ್ಲ. ಸ್ಲೌನ ನಾಲ್ಕು ಗ್ರಾಮರ್‌ಗಳಿಗೆ, ಅಂದರೆ ಹರ್ಷಲ್, ಲ್ಯಾಂಗ್ಲಿ, ಸೇಂಟ್ ಬರ್ನಾರ್ಡ್ಸ್, ಅಪ್ಟನ್ ಕೋರ್ಟ್, ಇವುಗಳಿಗೆ ಸೇರಿ ಒಂದೇ ಪರೀಕ್ಷೆ. 111 ಅಂಕ ಬಂದರೆ ಅರ್ಹತೆ. ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ 121. ಅರ್ಹತೆ ಬಂದ ಮೇಲೆ ಮನೆ ಎಷ್ಟು ದೂರ, ಅಣ್ಣ ಅಕ್ಕ ಅಲ್ಲೇ ಓದುತ್ತಿದ್ದಾರಾ ಅಂತ ಆಯಾ ಶಾಲೆಯ ನಿಯಮದ ಪ್ರಕಾರ ಸೀಟು ಹಂಚುತ್ತಾರೆ. ರೆಡಿಂಗ್‌ನ ಕೆಂಡ್ರಿಕ್ ಮತ್ತು ರೆಡಿಂಗ್ ಸ್ಕೂಲ್‌ಗೆ ಇಂತಿಂಥ ಪ್ರದೇಶ ಅಂತ ಗುರುತು ಮಾಡಿದ್ದಾರೆ. ಬಾರ್ನೆಟ್‌ನ ಕ್ವೀನ್ ಎಲಿಜಬೆತ್ಸ್‌ಗೆ ಇಡೀ ಲಂಡನ್ ಸುತ್ತಮುತ್ತಲ ಹುಡುಗರು ಪೈಪೋಟಿ ಮಾಡುತ್ತಾರೆ, ಅಲ್ಲಿ ಅಂಕವೇ ದೇವರು.

ಪ್ರತಿ ಶಾಲೆಯೂ ತನ್ನ ಅಡ್ಮಿಷನ್ ಪಾಲಿಸಿಯನ್ನು ವೆಬ್‌ಸೈಟಿನಲ್ಲಿ ಹಾಕಿರುತ್ತದೆ. ಬೇಜಾರಿನ ಓದು. ಆದರೂ "ಓವರ್‌ಸಬ್‌ಸ್ಕ್ರಿಪ್ಷನ್" (ಸೀಟಿಗಿಂತ ಅರ್ಜಿ ಹೆಚ್ಚಾದರೆ ಯಾರಿಗೆ ಮೊದಲು) ಅನ್ನುವ ಭಾಗವನ್ನು ಎರಡು ಸಲ ಓದಿ. ವರ್ಷಕ್ಕೆ ಇಪ್ಪತ್ತು ಸಾವಿರ ಪೌಂಡ್ ಪ್ರೆಪ್‌ಗೆ ಕಟ್ಟುವ ಬದಲು, ಕ್ಯಾಚ್‌ಮೆಂಟಿನೊಳಗೆ (ಶಾಲೆ ಆದ್ಯತೆ ಕೊಡುವ ಪ್ರದೇಶದೊಳಗೆ) ಮನೆ ಬದಲಾಯಿಸಿದರೆ ಹೆಚ್ಚು ಉಪಯೋಗ ಆಗುವ ಮನೆಗಳೂ ಇವೆ. ಸುಮ್ನೆ ಯಾರದೋ ವಿಳಾಸ ಕೊಡುವ ಕೆಲಸ ಮಾತ್ರ ಬೇಡ. ಕೌನ್ಸಿಲ್ ಟ್ಯಾಕ್ಸ್ ದಾಖಲೆ ತೆಗೆದು ನೋಡುತ್ತಾರೆ, ಸಿಕ್ಕಿಬಿದ್ದರೆ ಕೊಟ್ಟ ಸೀಟನ್ನೂ ಕಿತ್ತುಕೊಳ್ಳುತ್ತಾರೆ.

ಪ್ರೆಪ್ ನೋಡಲು ಹೋದಾಗ ಏನು ಕೇಳಬೇಕು

ನಾವು ಮೂರು ಪ್ರೆಪ್‌ಗಳ ಓಪನ್ ಮಾರ್ನಿಂಗ್‌ಗೆ ಹೋದೆವು. ಮೂರೂ ಚೆಂದವೇ. ಹುಲ್ಲು ಕತ್ತರಿಸಿದ ಮೈದಾನ, ಚಿಕ್ಕ ಕ್ಲಾಸು, ಹತ್ತು ವರ್ಷದ ಹುಡುಗಿ ಟೈ ಕಟ್ಟಿಕೊಂಡು ಬಂದು ಕೈ ಕುಲುಕಿ "ಬನ್ನಿ, ನಮ್ಮ ಸೈನ್ಸ್ ಲ್ಯಾಬ್ ತೋರಿಸುತ್ತೇನೆ" ಅಂದಳು. ಹಾಸನ ಜಿಲ್ಲೆಯ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿದ ನನಗೆ ಅಲ್ಲೇ ಅರ್ಧ ಸಹಿ ಹಾಕುವಷ್ಟು ಖುಷಿಯಾಗಿತ್ತು.

ಎರಡನೆಯ ಶಾಲೆಯ ಹಜಾರದಲ್ಲಿ ಒಂದು ದೊಡ್ಡ ಬೋರ್ಡು. ಹೋದ ವರ್ಷ ಇಯರ್ 6 ಮುಗಿಸಿದ ಮಕ್ಕಳು ಎಲ್ಲೆಲ್ಲಿಗೆ ಹೋದರು ಅಂತ. ಹೆಂಡತಿ ಬೆರಳಿಟ್ಟು ಎಣಿಸಿದಳು. ಇಪ್ಪತ್ತೆರಡು ಮಕ್ಕಳಲ್ಲಿ ಮೂವರು ಮಾತ್ರ ಗ್ರಾಮರ್‌ಗೆ. ಉಳಿದವರೆಲ್ಲಾ ಖಾಸಗಿ ಹೈಸ್ಕೂಲಿಗೆ. ಹೆಡ್ ಮೇಷ್ಟ್ರನ್ನು ಕೇಳಿದೆವು. ಅವರು ಮುಚ್ಚುಮರೆ ಇಲ್ಲದೆ ಹೇಳಿದರು: ನಾವು ಗ್ರಾಮರ್ ಪರೀಕ್ಷೆಗೆ ತಯಾರಿ ಮಾಡಿಸುವುದಿಲ್ಲ, ಬೇಕಾದವರು ಹೊರಗೆ ಟ್ಯೂಷನ್ ಹಾಕಿಕೊಳ್ಳುತ್ತಾರೆ.

ಫೀಸೂ ಕಟ್ಟಿ, ಟ್ಯೂಷನ್ನೂ ಕಟ್ಟುವುದು!

ಎಲ್ಲಾ ಪ್ರೆಪ್ ಹೀಗಲ್ಲ. ಬಕಿಂಗ್‌ಹ್ಯಾಮ್‌ಶೈರ್, ಕೆಂಟ್ ಕಡೆ ಗ್ರಾಮರ್‌ಗೆಂದೇ ಮಕ್ಕಳನ್ನು ತಯಾರು ಮಾಡುವ ಪ್ರೆಪ್‌ಗಳು ಇವೆ. ಅದಕ್ಕೇ ಮೊದಲ ಪ್ರಶ್ನೆ ಇದೇ ಆಗಿರಲಿ: ಕಳೆದ ಮೂರು ವರ್ಷ ಎಷ್ಟು ಮಕ್ಕಳು ಗ್ರಾಮರ್ ಪರೀಕ್ಷೆ ಬರೆದರು, ಎಷ್ಟು ಮಂದಿ ಸೇರಿದರು? ಬರೆದವರ ಸಂಖ್ಯೆ ಹೇಳದೆ ಸೇರಿದವರ ಸಂಖ್ಯೆ ಮಾತ್ರ ಹೇಳಿದರೆ ಇನ್ನೊಂದು ಸಲ ಕೇಳಿ. ಎರಡನೆಯದು, ವರ್ಬಲ್ ಮತ್ತು ನಾನ್-ವರ್ಬಲ್ ರೀಸನಿಂಗ್ (ಪದಗಳ ಮೇಲೆ, ಚಿತ್ರಗಳ ಮೇಲೆ ತರ್ಕದ ಪ್ರಶ್ನೆಗಳು) ಟೈಮ್‌ಟೇಬಲಿನಲ್ಲಿ ಇದೆಯಾ, ವಾರಕ್ಕೆ ಎಷ್ಟು ಪೀರಿಯಡ್? ಮೂರನೆಯದು, ಹಿಂದೆ ಬಿದ್ದ ಮಕ್ಕಳನ್ನು ಇಯರ್ 5ಕ್ಕೆ ಮುಂಚೆ "ಈ ಶಾಲೆ ನಿಮ್ಮ ಮಗುವಿಗೆ ಹೊಂದುವುದಿಲ್ಲ" ಅಂತ ಕಳಿಸಿಬಿಡುತ್ತಾರಾ? ಇದನ್ನು ಹೆಡ್ ಹತ್ತಿರ ಕೇಳಿದರೆ ನಗುತ್ತಾರೆ. ಗೇಟಿನ ಹತ್ತಿರ ನಿಂತಿರುವ ಅಮ್ಮಂದಿರನ್ನು ಕೇಳಿ.

ದುಡ್ಡಿನ ಲೆಕ್ಕ ಕಾಗದದ ಮೇಲೆ ಬರಲಿ

2025ರ ಜನವರಿ 1ರಿಂದ ಖಾಸಗಿ ಶಾಲೆ ಫೀಸಿನ ಮೇಲೆ 20% ವ್ಯಾಟ್ ಬಿದ್ದಿದೆ. ಕೆಲವು ಶಾಲೆಗಳು ಸ್ವಲ್ಪ ತಾವು ನುಂಗಿಕೊಂಡವು, ಮಿಕ್ಕಿದ್ದು ನಮ್ಮ ತಲೆ ಮೇಲೆ. ಬ್ರೋಷರಿನಲ್ಲಿ ಬರೆದ ಫೀಸು ವ್ಯಾಟ್ ಸೇರಿಯೋ, ಬಿಟ್ಟೋ ನೋಡಿಕೊಳ್ಳಿ.

ಒಂದು ಉದಾಹರಣೆ. ಟರ್ಮಿಗೆ 5,500 ಪೌಂಡ್ ಅಂದುಕೊಳ್ಳಿ. ವ್ಯಾಟ್ ಸೇರಿ 6,600. ವರ್ಷಕ್ಕೆ ಮೂರು ಟರ್ಮ್, 19,800. ಇಯರ್ 3ರಿಂದ ಇಯರ್ 6ರವರೆಗೆ ನಾಲ್ಕು ವರ್ಷಕ್ಕೆ 79,200. ಇದು ಫೀಸು ಒಂದು ಪೈಸೆ ಏರದಿದ್ದರೆ, ಮತ್ತು ಅದು ಏರುತ್ತದೆ. ಊಟ, ಬ್ಲೇಜರ್, ಶಾಲೆ ಬಸ್ಸು, ಟ್ರಿಪ್, ಪಿಯಾನೋ ಎಲ್ಲಾ ಬೇರೆ. ಎರಡನೇ ಮಗು ಇದ್ದರೆ ಎರಡರಿಂದ ಗುಣಿಸಿ. ಮೊದಲನೆಯವಳನ್ನು ಪ್ರೆಪ್‌ಗೆ ಹಾಕಿ ಎರಡನೆಯವನನ್ನು ಸ್ಟೇಟ್‌ಗೆ ಹಾಕಿದ ಮನೆಗಳಲ್ಲಿ ದೊಡ್ಡವರಾದ ಮೇಲೂ ಆ ಮಾತು ಹಬ್ಬದ ಊಟದ ಮಧ್ಯೆ ಬರುತ್ತಿರುತ್ತದೆ.

ಈ ಕಡೆ, ಸ್ಟೇಟ್ ಪ್ರೈಮರಿ ಜೊತೆಗೆ ಟ್ಯೂಷನ್. ಗಂಟೆಗೆ 40 ಪೌಂಡ್, ವರ್ಷಕ್ಕೆ 40 ವಾರ, ಒಂದೂವರೆ ವರ್ಷ. 2,400 ಪೌಂಡ್. ಪುಸ್ತಕ, ಮಾಕ್ ಟೆಸ್ಟ್ ಸೇರಿಸಿ 2,700 ಅನ್ನಿ. ಇಡೀ ತಯಾರಿಗೆ ಪ್ರೆಪ್‌ನ ಅರ್ಧ ಟರ್ಮಿನ ಫೀಸೂ ಆಗುವುದಿಲ್ಲ.

ಕಣ್ಣಿಗೆ ಕಾಣದ ಖರ್ಚುಗಳೂ ಇವೆ. ಸ್ಟೇಟ್ ಶಾಲೆಯಲ್ಲಿ ಮೊದಲ ತರಗತಿಯಾದ ರಿಸೆಪ್ಷನ್‌ನಿಂದ ಇಯರ್ 2ರವರೆಗೆ ಎಲ್ಲಾ ಮಕ್ಕಳಿಗೂ ಮಧ್ಯಾಹ್ನದ ಊಟ ಉಚಿತ. ಲಂಡನ್ ಒಳಗಿದ್ದರೆ 2023ರ ಸೆಪ್ಟೆಂಬರ್‌ನಿಂದ ಸ್ಟೇಟ್ ಪ್ರೈಮರಿ ಮುಗಿಯುವವರೆಗೂ ಉಚಿತ. ಪ್ರೆಪ್‌ನಲ್ಲಿ ದಿನ ಉದ್ದ, ರಜೆ ಇನ್ನೂ ಉದ್ದ. ಬೇಸಿಗೆಯಲ್ಲಿ ಸ್ಟೇಟ್ ಶಾಲೆಗೆ ಆರು ವಾರ ಆದರೆ ಪ್ರೆಪ್‌ಗೆ ಎಂಟು ವಾರ ಆಗಬಹುದು. ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಆ ಎರಡು ವಾರ ಮಗುವನ್ನು ನೋಡಿಕೊಳ್ಳಲು ಊರಿಂದ ಅಜ್ಜಿಯನ್ನು ಕರೆಸಬೇಕು, ಇಲ್ಲಾ ಹಾಲಿಡೇ ಕ್ಯಾಂಪಿಗೆ ಕಟ್ಟಬೇಕು.

ಈಗ ನಮ್ಮ ತಪ್ಪು. ಮಗಳಿಗೆ ಇಯರ್ 3ಕ್ಕೆ ಒಂದು ಪ್ರೆಪ್‌ನಲ್ಲಿ ಸೀಟು ಸಿಕ್ಕಿತ್ತು. ಅವಸರದಲ್ಲಿ ಡೆಪಾಸಿಟ್ ಕಟ್ಟಿ ಸಹಿ ಹಾಕಿದೆವು. ಜೂನ್ ಕೊನೆಗೆ ಮನಸ್ಸು ಬದಲಾಯಿತು. ಬೇಡ ಅಂತ ಇಮೇಲ್ ಬರೆದರೆ, ಡೆಪಾಸಿಟ್ ಹೋಯಿತಷ್ಟೇ ಅಂದುಕೊಂಡಿದ್ದ ನಮಗೆ ಇಡೀ ಒಂದು ಟರ್ಮಿನ ಫೀಸಿನ ಬಿಲ್ಲು ಬಂತು. ಕರಾರಿನಲ್ಲಿ ಬರೆದಿದ್ದರು: ಒಂದು ಪೂರ್ತಿ ಟರ್ಮ್ ಮುಂಚೆ ನೋಟಿಸ್ ಕೊಡಬೇಕು, ಇಲ್ಲದಿದ್ದರೆ ಆ ಟರ್ಮಿನ ಫೀಸು ಕೊಡಬೇಕು. ಖಾಸಗಿ ಶಾಲೆಗಳಲ್ಲಿ ಇದು ಮಾಮೂಲು ನಿಯಮ. ಓದದೇ ಸಹಿ ಹಾಕಿದ್ದು ನಾವು. ಹುಡುಗಿ ಒಂದು ದಿನವೂ ಕಾಲಿಡದ ಶಾಲೆಗೆ ಕಂತಿನಲ್ಲಿ ದುಡ್ಡು ಕಟ್ಟಿದ್ದೇವೆ. ಊರಲ್ಲಿ ಅಮ್ಮನಿಗೆ ಇದನ್ನು ಇನ್ನೂ ಹೇಳಿಲ್ಲ. "ಸರ್ಕಾರಿ ಶಾಲೇಲಿ ಓದಿ ನೀನೇನು ಕೆಟ್ಟೋದ್ಯಾ ಕಣಪ್ಪಾ?" ಅಂತ ಮೊದಲೇ ಕೇಳಿದ್ದರು.

ಸ್ಟೇಟ್ ಪ್ರೈಮರಿ ಏನು ಮಾಡುವುದಿಲ್ಲ

ಇದನ್ನು ತಿಳಿಯದೆ ಸ್ಟೇಟ್ ಆರಿಸಿಕೊಂಡರೆ ಇಯರ್ 5ರಲ್ಲಿ ಗಾಬರಿಯಾಗುತ್ತದೆ. ಸ್ಟೇಟ್ ಪ್ರೈಮರಿಗಳು ಸಾಮಾನ್ಯವಾಗಿ ಇಲೆವೆನ್ ಪ್ಲಸ್‌ಗೆ ತಯಾರಿ ಮಾಡಿಸುವುದಿಲ್ಲ. ಟೀಚರ್ ಹತ್ತಿರ ಕೇಳಿದರೆ ನಯವಾಗಿ ಮಾತು ತಿರುಗಿಸುತ್ತಾರೆ. ಅವರ ಗಮನ ಇರುವುದು ಇಯರ್ 6ರ ಮೇ ತಿಂಗಳಲ್ಲಿ ಬರುವ ಸ್ಯಾಟ್ಸ್ ಅನ್ನುವ ಸರ್ಕಾರಿ ಪರೀಕ್ಷೆಗಳ ಮೇಲೆ. ಗ್ರಾಮರ್ ಪರೀಕ್ಷೆ ನಡೆಯುವುದು ಇಯರ್ 6 ಶುರುವಾದ ತಕ್ಷಣ, ಸೆಪ್ಟೆಂಬರ್‌ನಲ್ಲಿ. ಈ ಎರಡು ತಾರೀಖಿನ ನಡುವೆ ಒಂದು ದೊಡ್ಡ ಹಳ್ಳ ಇದೆ. ಅನುಪಾತ, ಬೀಜಗಣಿತದಂಥ ಪಾಠಗಳು ಸರ್ಕಾರದ ಪಠ್ಯದಲ್ಲಿ ಇಯರ್ 6ಕ್ಕೆ ಇವೆ. ಅಂದರೆ ಶಾಲೆಯಲ್ಲಿ ಹೇಳಿಕೊಡುವ ಮುಂಚೆಯೇ ಪರೀಕ್ಷೆಯಲ್ಲಿ ಅಂಥ ಲೆಕ್ಕ ಎದುರಾಗಬಹುದು. ರೀಸನಿಂಗ್ ಅಂತೂ ಪಠ್ಯದಲ್ಲೇ ಇಲ್ಲ.

ಕ್ಲಾಸಿನಲ್ಲಿ ಮೂವತ್ತು ಮಕ್ಕಳು. ಇಯರ್ 2ರವರೆಗೆ ಮೂವತ್ತು ದಾಟಬಾರದು ಅಂತ ಕಾನೂನಿದೆ, ಆಮೇಲೆ ಒಂದೆರಡು ಜಾಸ್ತಿಯಾದರೂ ಕೇಳುವವರಿಲ್ಲ. ಪ್ರೆಪ್‌ನಲ್ಲಿ ಹದಿನೈದು, ಇಪ್ಪತ್ತು. ಸದ್ದಿಲ್ಲದೆ ಕೂರುವ ಮಗು, ಕೈ ಎತ್ತಲು ನಾಚುವ ಮಗು ಮೂವತ್ತರಲ್ಲಿ ಕಳೆದುಹೋಗುವುದು ನಿಜ. ನಮ್ಮ ಗೆಳೆಯರೊಬ್ಬರ ಮಗ ಹಾಗೆ ಇದ್ದ. ಇಯರ್ 4ರಲ್ಲಿ ಪ್ರೆಪ್‌ಗೆ ಹಾಕಿದರು, ಹುಡುಗ ಅರಳಿದ. ಗ್ರಾಮರ್ ಸಿಗಲಿಲ್ಲ, ಅವರಿಗೆ ಬೇಜಾರೂ ಇಲ್ಲ. ಮಗುವಿಗೋಸ್ಕರ ಪ್ರೆಪ್ ಆರಿಸಿಕೊಂಡಿದ್ದರು, ಪರೀಕ್ಷೆಗೋಸ್ಕರ ಅಲ್ಲ. ಪ್ರೆಪ್‌ಗೆ ಇದಕ್ಕಿಂತ ಒಳ್ಳೆ ಕಾರಣ ನನಗೆ ಕಂಡಿಲ್ಲ.

ಸ್ಟೇಟ್ ಮಗುವಿಗೆ ಒಂದೊಂದು ಕಡೆ ಸಣ್ಣ ಅನುಕೂಲಗಳೂ ಇವೆ. ಬಕಿಂಗ್‌ಹ್ಯಾಮ್‌ಶೈರ್‌ನ ಸ್ಟೇಟ್ ಪ್ರೈಮರಿಯಲ್ಲಿ ಓದುವ ಮಕ್ಕಳನ್ನು ಪರೀಕ್ಷೆಗೆ ತಾವಾಗಿಯೇ ಸೇರಿಸುತ್ತಾರೆ, ತಮ್ಮ ಶಾಲೆಯಲ್ಲೇ ಕೂತು ಬರೆಯುತ್ತಾರೆ. ಹೊರಗಿನವರು ತಾವೇ ಹೆಸರು ನೋಂದಾಯಿಸಬೇಕು. ಕಡಿಮೆ ಆದಾಯದ ಮನೆಯ ಮಕ್ಕಳಿಗೆ, ಅಂದರೆ ಪ್ಯುಪಿಲ್ ಪ್ರೀಮಿಯಂ ಇರುವವರಿಗೆ, ಬಹಳ ಗ್ರಾಮರ್‌ಗಳು ಆದ್ಯತೆ ಕೊಡುತ್ತವೆ.

ಸ್ಟೇಟ್ ಅಂತ ತೀರ್ಮಾನವಾದರೆ ಮನೆಯಲ್ಲಿ ಮಾಡಬೇಕಾದ್ದು

ಇಯರ್ 4ರ ಕೊನೆಯವರೆಗೂ ಪೇಪರ್ ಬಿಡಿಸುವುದು ಬೇಡ. ಓದಿಸಿ. ಲೈಬ್ರರಿ ಕಾರ್ಡು ಉಚಿತ. ಮಗ್ಗಿ ಬಾಯಿಗೆ ಬರಲಿ, ಇಯರ್ 4ರಲ್ಲಿ ಹೇಗೂ ಶಾಲೆಯಲ್ಲೇ ಮಗ್ಗಿ ಪರೀಕ್ಷೆ ಇದೆ.

ಕನ್ನಡ ಮನೆಯ ಮಕ್ಕಳಿಗೆ ಪೆಟ್ಟು ಬೀಳುವುದು ಲೆಕ್ಕದಲ್ಲಿ ಅಲ್ಲ, ಇಂಗ್ಲಿಷ್ ಪದಗಳಲ್ಲಿ. ದೊಡ್ಡ ದೊಡ್ಡ ಪದಗಳಲ್ಲೂ ಅಲ್ಲ. ಒಂದು ಸಂಜೆ ಅಡುಗೆಮನೆಯಲ್ಲಿ ಮಗಳಿಗೆ ಬಿಟ್ಟ ಸ್ಥಳ ತುಂಬುವ ಪೇಪರ್ ಕೊಟ್ಟಿದ್ದೆ. "ಲೇಡಲ್" ಅನ್ನುವ ಪದದ ಹತ್ತಿರ ನಿಂತುಬಿಟ್ಟಳು.

"ಲೇಡಲ್ ಅಂದ್ರೆ ಏನು ಪುಟ್ಟಾ?"

"ಗೊತ್ತಿಲ್ಲ ಅಪ್ಪಾ. ಏಣಿನಾ?"

ಅದೇ ಕೈಯಲ್ಲಿ ಅರ್ಧ ಗಂಟೆ ಮುಂಚೆ ಅದೇ ಸೌಟು ಹಿಡಿದು ಎಲ್ಲರ ತಟ್ಟೆಗೂ ಸಾರು ಬಡಿಸಿದ್ದಳು. ಅವಳಿಗೆ ಅದು ಸೌಟು. ಅದಕ್ಕೆ ಇನ್ನೊಂದು ಹೆಸರು ಇದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಶಾಲೆಯಲ್ಲಿ ಸೌಟಿನ ಮಾತು ಬರುವುದಿಲ್ಲ, ಮನೆಯಲ್ಲಿ ಇಂಗ್ಲಿಷ್ ಬರುವುದಿಲ್ಲ. ಜರಡಿ, ಕೊಕ್ಕೆ, ಹೊಸ್ತಿಲು, ಬೇಲಿ, ಅಂಚು, ಹೊಲಿಗೆ, ಇಂಥ ಮನೆ ಅಂಗಳದ ಪದಗಳೇ ಪರೀಕ್ಷೆಯಲ್ಲಿ ಕಾಡುತ್ತವೆ. ಅವತ್ತಿನಿಂದ ಒಂದು ಆಟ ಮಾಡಿದೆವು. ಕೈಗೆ ಸಿಕ್ಕಿದ ವಸ್ತುವಿಗೆ ಎರಡೂ ಹೆಸರು ಹೇಳಬೇಕು, ಕನ್ನಡದ್ದು ಅವಳು, ಇಂಗ್ಲಿಷಿನದ್ದು ನಾನು, ಇಲ್ಲಾ ತಿರುಗಾ ಮುರುಗಾ. ಪರೀಕ್ಷೆ ಇದೆ ಅಂತ ಮನೆಯಲ್ಲಿ ಕನ್ನಡ ನಿಲ್ಲಿಸಿದವರನ್ನು ನೋಡಿದ್ದೇನೆ. ಅದರ ಅಗತ್ಯ ಇಲ್ಲ. ಸೌಟು ಗೊತ್ತಿದ್ದವಳಿಗೆ ಲೇಡಲ್ ಒಂದೇ ಸಲಕ್ಕೆ ನೆನಪಿರುತ್ತದೆ.

ನಾನ್-ವರ್ಬಲ್ ರೀಸನಿಂಗ್ ನೋಡಿದಾಗ ನನಗೆ ನಗು ಬಂತು. ಗುಂಪಿಗೆ ಸೇರದ ಚಿತ್ರ ಯಾವುದು, ಮಡಿಸಿ ತೂತು ಮಾಡಿದ ಕಾಗದ ಬಿಡಿಸಿದರೆ ಹೇಗೆ ಕಾಣುತ್ತದೆ, ಕನ್ನಡಿಯಲ್ಲಿ ಯಾವ ಆಕಾರ? ಇದೆಲ್ಲಾ ನಮ್ಮ ನವೋದಯ ಪರೀಕ್ಷೆಯ ಮಾನಸಿಕ ಸಾಮರ್ಥ್ಯದ ಭಾಗ! ಆರನೇ ತರಗತಿಗೆ ಸೇರಲು ಐದನೇ ತರಗತಿಯಲ್ಲಿ ನಾವು ಬರೆಯುತ್ತಿದ್ದದ್ದು, ಅದೂ ಕನ್ನಡದಲ್ಲೇ. ಒಂದು ಶಾಲೆಗೆ 80 ಸೀಟು, ಇಡೀ ಜಿಲ್ಲೆಯ ಮಕ್ಕಳು ಪೈಪೋಟಿ. ನನಗೆ ಸಿಗಲಿಲ್ಲ, ಅದು ಬೇರೆ ಮಾತು. ಆದರೆ ನೀವೂ ಆ ಪರೀಕ್ಷೆ ಬರೆದವರಾದರೆ ಇದಕ್ಕೆ ಟ್ಯೂಷನ್ ಬೇಕಿಲ್ಲ. ಪೆನ್ಸಿಲ್ ಹಿಡಿದು ಮಗು ಪಕ್ಕ ಕೂತರೆ ಸಾಕು. ಟ್ಯೂಟರ್‌ನ ಗಂಟೆಯನ್ನು ಇಂಗ್ಲಿಷಿಗೆ ಉಳಿಸಿ.

ಇಯರ್ 5 ಶುರುವಾದ ಮೇಲೆ ದಿನಕ್ಕೆ ಅರ್ಧ ಗಂಟೆ. ಕೊನೆಯ ಬೇಸಿಗೆ ರಜೆಯಲ್ಲಿ ಒಂದು ಗಂಟೆ. ನಾಲ್ಕೈದು ಮಾಕ್ ಟೆಸ್ಟ್, ಅದೂ ಗುರುತಿಲ್ಲದ ಪರೀಕ್ಷಾ ಹಾಲ್‌ನಲ್ಲಿ. ಮೊದಲ ಮಾಕ್‌ನಲ್ಲಿ ಮಗಳು ಉತ್ತರ ಗೊತ್ತಿದ್ದೂ ಒಂದು ಸಾಲು ತಪ್ಪಿಸಿ ಗುರುತು ಹಾಕಿಕೊಂಡು ಹೋಗಿದ್ದಳು, ಹದಿನಾಲ್ಕು ಉತ್ತರ ಹಾಳು. ಅದು ಜುಲೈನಲ್ಲಿ ಆಗಿದ್ದು ಒಳ್ಳೆಯದೇ ಆಯಿತು.

ಇಯರ್ 2ರಿಂದಲೇ ವಾರಕ್ಕೆ ಎರಡು ದಿನ ಸೆಂಟರಿಗೆ ಕಳಿಸುವವರ ಮಾತು ಕೇಳಿ ಹೆದರಬೇಡಿ. ಆ ಮಕ್ಕಳಲ್ಲಿ ಎಷ್ಟೋ ಮಂದಿ ಇಯರ್ 5ರ ಹೊತ್ತಿಗೆ ಪೇಪರ್ ಕಂಡರೆ ಮುಖ ತಿರುಗಿಸುತ್ತಾರೆ. ಆಗಸ್ಟ್‌ನಲ್ಲಿ ಹುಟ್ಟಿದ ಮಗು ಚಿಕ್ಕದು ಅಂತ ಚಿಂತೆ ಇದ್ದರೆ, ಬಹುತೇಕ ಕಡೆ ವಯಸ್ಸು ನೋಡಿಯೇ ಅಂಕ ಲೆಕ್ಕ ಹಾಕುತ್ತಾರೆ.

ಊರಿಂದ ನಡುವೆ ಬಂದವರಿಗೆ

ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಬಂದವರು ಒಂದು ಮಾತು ಕೇಳುತ್ತಾರೆ: "ನಮ್ಮ ವೀಸಾದಲ್ಲಿ ಪಬ್ಲಿಕ್ ಫಂಡ್ಸ್ ಇಲ್ಲ ಅಂತ ಬರೆದಿದೆ. ಸ್ಟೇಟ್ ಸ್ಕೂಲಿಗೆ ಹಾಕಬಹುದಾ?" ಹಾಕಬಹುದು. ಸರ್ಕಾರಿ ಶಾಲೆಯ ಓದು ಆ ಪಟ್ಟಿಯಲ್ಲಿ ಬರುವುದಿಲ್ಲ. ಗ್ರಾಮರ್‌ಗೂ ಹಾಗೇ.

ಇಯರ್ 4, 5ರಲ್ಲಿ ಬೆಂಗಳೂರಿಂದ ಬಂದ ಮಕ್ಕಳಿಗೆ ಹತ್ತಿರದ ಪ್ರೈಮರಿಯಲ್ಲಿ ಜಾಗ ಇಲ್ಲದಿರಬಹುದು. ಕೌನ್ಸಿಲ್‌ಗೆ (ಸ್ಥಳೀಯ ಆಡಳಿತಕ್ಕೆ) ಇನ್-ಇಯರ್, ಅಂದರೆ ವರ್ಷದ ನಡುವೆ ಸೇರುವ, ಅರ್ಜಿ ಹಾಕಿ, ಎಲ್ಲಿ ಜಾಗ ಇದೆಯೋ ಅಲ್ಲಿಗೆ ಹೋಗಬೇಕು. ಆ ಸಿಟ್ಟಿನಲ್ಲಿ ಪ್ರೆಪ್‌ಗೆ ಓಡುವವರಿದ್ದಾರೆ. ಸ್ವಲ್ಪ ತಡೆಯಿರಿ. ವೇಟಿಂಗ್ ಲಿಸ್ಟ್‌ನಲ್ಲಿ ಹೆಸರಿಟ್ಟು ಒಂದು ಟರ್ಮ್ ನೋಡಿ, ಇಲ್ಲಿ ಜನ ಮನೆ ಬದಲಾಯಿಸುತ್ತಲೇ ಇರುತ್ತಾರೆ. ಈ ಮಕ್ಕಳಿಗೆ ಲೆಕ್ಕದಲ್ಲಿ ತೊಂದರೆ ಕಡಿಮೆ. ಕಥೆ ಓದಿ "ಅವನು ಯಾಕೆ ಹಾಗೆ ಮಾಡಿದ, ನಿನಗೆ ಹೇಗೆ ಗೊತ್ತಾಯಿತು" ಅನ್ನುವ ಪ್ರಶ್ನೆಗೆ ಮಾತ್ರ ತಡವರಿಸುತ್ತಾರೆ. ನಮ್ಮಲ್ಲಿ ಉತ್ತರ ಪಾಠದೊಳಗೇ ಬರೆದಿರುತ್ತಿತ್ತಲ್ಲಾ, ಅದಕ್ಕೇ.

ತಾರೀಖುಗಳು

ರಿಸೆಪ್ಷನ್ ತರಗತಿಗೆ ಸ್ಟೇಟ್ ಶಾಲೆ ಅರ್ಜಿ: ಜನವರಿ 15ರೊಳಗೆ, ಉತ್ತರ ಏಪ್ರಿಲ್ 16ಕ್ಕೆ. ಪ್ರೆಪ್ ಬೇಕೆಂದಿದ್ದರೂ ಇದನ್ನು ಹಾಕಿಡಿ, ಅದಕ್ಕೆ ದುಡ್ಡಿಲ್ಲ. ಗ್ರಾಮರ್ ಪರೀಕ್ಷೆಗೆ ನೋಂದಣಿ ಇಯರ್ 5ರ ಬೇಸಿಗೆಯಲ್ಲಿ, ಸಾಮಾನ್ಯವಾಗಿ ಮೇ, ಜೂನ್ ಹೊತ್ತಿಗೆ. ಒಂದೊಂದು ಊರಿಗೆ ಒಂದೊಂದು ದಿನ. ತಡವಾದರೆ ಬಹಳ ಕಡೆ ಬಾಗಿಲು ಹಾಕಿಬಿಡುತ್ತಾರೆ. ಆ ಹೊತ್ತಿಗೆ ಸರಿಯಾಗಿ ಊರಿಗೆ ಹೋಗುವ ಟಿಕೆಟ್ ಗಡಿಬಿಡಿ ಇರುತ್ತದೆ, ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಪರೀಕ್ಷೆ ಸೆಪ್ಟೆಂಬರ್‌ನಲ್ಲಿ, ಫಲಿತಾಂಶ ಅಕ್ಟೋಬರ್ ನಡುವೆ. ಹೈಸ್ಕೂಲಿನ ಅರ್ಜಿ ಅಕ್ಟೋಬರ್ 31ರೊಳಗೆ, ನಿಮ್ಮ ಮನೆ ಇರುವ ಕೌನ್ಸಿಲ್‌ಗೆ. ಪ್ರೆಪ್‌ನಲ್ಲಿ ಓದುವ ಮಗುವೂ ಗ್ರಾಮರ್ ಬೇಕಾದರೆ ಇದೇ ಅರ್ಜಿ ಹಾಕಬೇಕು. ಪ್ರೆಪ್ ಆಫೀಸಿನವರು ನೆನಪಿಸುತ್ತಾರೆ ಅಂತ ಕಾಯಬೇಡಿ. ಖಾಸಗಿ ಹೈಸ್ಕೂಲುಗಳ ಪರೀಕ್ಷೆ ಬೇರೆ, ಹೆಚ್ಚಾಗಿ ನವೆಂಬರ್‌ನಿಂದ ಜನವರಿಯೊಳಗೆ.

ಆ ಅರ್ಜಿಯಲ್ಲಿ ಶಾಲೆಗಳನ್ನು ಬರೆಯುವ ಕ್ರಮದ ಬಗ್ಗೆ ಪೂಜೆ ಮನೆಗಳಲ್ಲಿ ನೂರು ಕಥೆ ಓಡಾಡುತ್ತವೆ. "ಗ್ರಾಮರ್‌ನ ಮೊದಲು ಬರೆಯದಿದ್ದರೆ ಅವರಿಗೆ ಸಿಟ್ಟು ಬರುತ್ತೆ" ಅನ್ನುವುದು ಅದರಲ್ಲೊಂದು. ಹಾಗೇನಿಲ್ಲ. ನೀವು ಯಾವುದನ್ನು ಎಷ್ಟನೆಯದಾಗಿ ಬರೆದಿರಿ ಅಂತ ಶಾಲೆ ನೋಡಿ ಸೀಟು ಕೊಡುವುದಿಲ್ಲ. ನಿಮಗೆ ಸಿಗಬಹುದಾದ ಶಾಲೆಗಳಲ್ಲಿ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇರುವುದನ್ನು ಕೌನ್ಸಿಲ್ ಕೊಡುತ್ತದೆ. ಹಾಗಾಗಿ ನಿಜವಾಗಿ ಇಷ್ಟವಿರುವ ಕ್ರಮದಲ್ಲೇ ಬರೆಯಿರಿ, ಕೆಳಗೆ ಖಂಡಿತ ಸಿಗುವ ಮನೆ ಹತ್ತಿರದ ಶಾಲೆಯೊಂದನ್ನು ಬಿಡಬೇಡಿ. ನಾವು ಮಗಳನ್ನೇ ಕೂರಿಸಿಕೊಂಡು ಬರೆದೆವು. ಮೊದಲ ಎರಡು ಸಾಲಿಗೆ ಗ್ರಾಮರ್, ಮೂರನೆಯದಕ್ಕೆ ಹೆಂಡತಿ ಚೀಟಿಯಲ್ಲಿದ್ದ ನಡೆದು ಹೋಗುವ ಶಾಲೆ. ಮಾರ್ಚ್ 1ರ ಬೆಳಿಗ್ಗೆ ಎರಡನೇ ಸಾಲಿನದು ಸಿಕ್ಕಿತು ಅಂತ ಇಮೇಲ್ ಬಂತು. ಅವಳು ಮೊದಲು ಕೇಳಿದ್ದು, ಪ್ರೈಮರಿಯ ಗೆಳತಿಯರಲ್ಲಿ ಇನ್ಯಾರಿಗೆ ಅದೇ ಶಾಲೆ ಸಿಕ್ಕಿದೆ ಅಂತ. ಇಬ್ಬರಿಗೆ ಸಿಕ್ಕಿತ್ತು. ಮೂವರೂ ಈಗ ಒಂದೇ ಬಸ್ಸಿನಲ್ಲಿ ಹೋಗುತ್ತಾರೆ.